ಮುಷ್ಕರ, ಕೂಲಿ ಮತ್ತು ಸರಕಾರದ ನೆರವು: ಪುಣೆಯ ಮನೆಗೆಲಸದವರ ನಿದರ್ಶನದಿಂದ ಒಂದು ವಿವೇಚನೆ

1. ಎರಡು ಪದಗಳು, ಒಂದು ಪ್ರಶ್ನೆ

ಕೆಲಸಗಾರರು ಒಟ್ಟಾಗಿ ಕೆಲಸ ನಿಲ್ಲಿಸುವುದಕ್ಕೆ ಇಂದಿನ ಕನ್ನಡದಲ್ಲಿ ‘ಮುಷ್ಕರ’ ಎಂಬ ಪದ ರೂಢಿಯಲ್ಲಿದೆ. ಹಟ, ಮೊಂಡುತನ ಎಂಬುದು ಈ ಪದದ ಹಳೆಯ ಅರ್ಥ. ಮುಂಬಯಿ ಕರ್ನಾಟಕದ ಜನರ ಮಾತಿನಲ್ಲಿ ಇದೇ ಕ್ರಿಯೆಗೆ ‘ಸಂಪು’ ಎಂಬ ಇನ್ನೊಂದು ಹೆಸರೂ ಉಂಟು. ಅದು ಮರಾಠಿಯ ‘ಸಂಪ’ ಎಂಬುದರಿಂದ ಬಂದದ್ದು. ಒಮ್ಮತ, ಒಗ್ಗಟ್ಟು ಎಂಬುದು ಅದರ ಮೂಲಾರ್ಥ. ಗುಜರಾತಿಯಲ್ಲಿ ಆ ಪದಕ್ಕೆ ಸಾಮರಸ್ಯವೆಂಬ ಅರ್ಥ ಇಂದಿಗೂ ಉಳಿದಿದೆ. ಒಂದೇ ಕ್ರಿಯೆಯನ್ನು ಒಂದು ಪದ ಹಟವೆಂದು ಕಂಡರೆ ಇನ್ನೊಂದು ಪದ ಕೂಡುವಿಕೆಯೆಂದು ಕಂಡಿದೆ. ಕಾನೂನು ಮುಷ್ಕರವನ್ನು ನೋಡಿದ ಬಗೆಯಲ್ಲಿಯೂ ಈ ಎರಡು ದೃಷ್ಟಿಗಳು ಒಂದರ ಪಕ್ಕದಲ್ಲಿ ಒಂದು ಇರುವುದನ್ನು ಮುಂದೆ ಕಾಣಲಿದ್ದೇವೆ.

ಪ್ರಸ್ತುತ ಲೇಖನದ ಪ್ರಶ್ನೆ ಇದು: ಅಂದಂದಿನ ದುಡಿಮೆಯಿಂದಲೇ ಅಂದಂದಿನ ಊಟವನ್ನು ದೊರಕಿಸಿಕೊಳ್ಳುವ ಅಲ್ಪವೇತನದ ಕೆಲಸಗಾರರು ಮುಷ್ಕರ ಹೂಡಿದಾಗ, ಅವರಿಗೆ ಸರಕಾರದ ಸೌಲಭ್ಯಗಳು ದೊರೆಯಬೇಕೆ? ಚರ್ಚೆಗಳಲ್ಲಿ ಸಾಮಾನ್ಯವಾಗಿ ಒಂದಾಗಿಬಿಡುವ ಮೂರು ಬೇರೆ ಬೇರೆ ಪ್ರಶ್ನೆಗಳು ಇದರಲ್ಲಿ ಅಡಗಿವೆ. ಮುಷ್ಕರದ ದಿನಗಳ ಕೂಲಿಯನ್ನು ಮಾಲೀಕ ಕೊಡಬೇಕೆ ಎಂಬುದು ಮೊದಲನೆಯದು. ಕಳೆದುಕೊಂಡ ಕೂಲಿಗೆ ಬದಲಾಗಿ ಸರಕಾರ ಭತ್ಯೆ ಕೊಡಬೇಕೆ ಎಂಬುದು ಎರಡನೆಯದು. ಮುಷ್ಕರಕ್ಕೆ ಮೊದಲೇ ಆ ಕುಟುಂಬಕ್ಕೆ ಸಲ್ಲುತ್ತಿದ್ದ ಸೌಲಭ್ಯಗಳು ಮುಷ್ಕರದ ಕಾರಣದಿಂದ ನಿಲ್ಲಬೇಕೆ ಎಂಬುದು ಮೂರನೆಯದು. ಇವನ್ನು ಬೇರ್ಪಡಿಸಿ ನೋಡಿದಲ್ಲದೆ ಸ್ಪಷ್ಟವಾದ ಉತ್ತರ ಸಾಧ್ಯವಿಲ್ಲ.

2. ಪುಣೆಯ 1980ರ ಸಂಪು

ಮುಷ್ಕರವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಗಿರಣಿ, ಕಾರಖಾನೆ, ಬ್ಯಾಂಕುಗಳ ಚಿತ್ರ. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಇತಿಹಾಸದ ಪುಸ್ತಕಗಳಲ್ಲಿ ಸ್ಥಾನ ಪಡೆದಿದೆ. ಅದಕ್ಕೆ ಎರಡು ವರ್ಷ ಮೊದಲು, 1980ರಲ್ಲಿ, ಪುಣೆ ನಗರದಲ್ಲಿ ನಡೆದ ಇನ್ನೊಂದು ಮುಷ್ಕರದ ಪರಿಚಯ ನಮ್ಮ ಓದುಗರಲ್ಲಿ ಕಡಿಮೆ. ಅದು ಮನೆಗೆಲಸದ ಹೆಂಗಸರ ಮುಷ್ಕರ. ಮರಾಠಿಯಲ್ಲಿ ಇವರನ್ನು ‘ಮೋಲಕರೀಣ’ ಎನ್ನುತ್ತಾರೆ. ‘ಮೋಲ’ ಎಂದರೆ ಬೆಲೆ, ಕೂಲಿ.

ಪಾತ್ರೆ ತಿಕ್ಕುವುದು, ಬಟ್ಟೆ ಒಗೆಯುವುದು, ನೆಲ ಒರೆಸುವುದು ಇವರ ಕೆಲಸ. ಒಬ್ಬೊಬ್ಬಳೂ ದಿನಕ್ಕೆ ಹಲವು ಮನೆಗಳಲ್ಲಿ ದುಡಿಯುವುದು ವಾಡಿಕೆ. 1972ರ ಭೀಕರ ಬರಗಾಲದ ತರುವಾಯ ಮರಾಠವಾಡ, ಸೊಲ್ಲಾಪುರ ಮತ್ತು ಗಡಿಯ ಕನ್ನಡ ಸೀಮೆಗಳಿಂದ ಪುಣೆಯಂಥ ನಗರಗಳಿಗೆ ವಲಸೆ ಬಂದ ಬಡ ಕುಟುಂಬಗಳು ಅನೇಕ. ಗಂಡಸರು ಕಟ್ಟಡದ ಕೆಲಸ, ಹಮಾಲಿ ಎಂದು ಹೋದರೆ ಹೆಂಗಸರಿಗೆ ಬಹುಮಟ್ಟಿಗೆ ದೊರೆತದ್ದು ಕಟ್ಟಡದ ಕೆಲಸ ಇಲ್ಲವೆ ಮನೆಗೆಲಸ. 1980ರ ಮುಷ್ಕರವನ್ನು ಯಾವ ಸಂಘವೂ ಯೋಜಿಸಿ ಆರಂಭಿಸಲಿಲ್ಲ. ಕೂಲಿ ಏರಬೇಕು, ರಜೆ ಬೇಕು ಎಂಬ ಬೇಡಿಕೆಗಳೊಡನೆ ಹೆಂಗಸರು ತಾವಾಗಿಯೇ ಕೆಲಸ ನಿಲ್ಲಿಸಿದರು. ಆ ಚಳವಳಿಯ ಒಡಲಿನಿಂದಲೇ ಪುಣೆ ಶಹರ ಮೋಲಕರೀಣ ಸಂಘಟನೆ ರೂಪುಗೊಂಡಿತು. ಸಂಘದಿಂದ ಮುಷ್ಕರ ಹುಟ್ಟದೆ, ಮುಷ್ಕರದಿಂದ ಸಂಘ ಹುಟ್ಟಿತೆಂಬುದು ಇಲ್ಲಿಯ ವಿಶೇಷ. ‘ಸಂಪ’ ಎಂಬ ಪದದ ಮೂಲಾರ್ಥ ಇಲ್ಲಿ ಅಕ್ಷರಶಃ ನಿಜವಾಯಿತೆನ್ನಬಹುದು.

ನಮ್ಮ ಪ್ರಶ್ನೆಯನ್ನು ಇದಕ್ಕಿಂತ ಚೆನ್ನಾಗಿ ಪರೀಕ್ಷಿಸಬಲ್ಲ ನಿದರ್ಶನ ಸಿಗುವುದು ಕಷ್ಟ. ಈ ಹೆಂಗಸರಿಗೆ ಮುಷ್ಕರನಿಧಿಯಿರಲಿಲ್ಲ. ಸಂಘವೇ ಇಲ್ಲದಲ್ಲಿ ನಿಧಿ ಎಲ್ಲಿಯದು? ಭವಿಷ್ಯನಿಧಿಯಿಲ್ಲ, ವಿಮೆಯಿಲ್ಲ, ಸಂಬಳ ಸಹಿತ ರಜೆಯಿಲ್ಲ. ಒಬ್ಬ ಮಾಲೀಕನ ಬದಲು ಹತ್ತಾರು ಮನೆಗಳು. ಒಂದು ಮನೆಯವರು ಬೇಡವೆಂದರೆ ಮರುದಿನವೇ ಇನ್ನೊಬ್ಬಳು ಬಂದು ನಿಲ್ಲುವಳು. ಮುಂಬಯಿಯ ಗಿರಣಿ ಕಾರ್ಮಿಕರಲ್ಲಿ ಅನೇಕರು ದೀರ್ಘ ಮುಷ್ಕರದ ಕಾಲದಲ್ಲಿ ತಮ್ಮ ಹಳ್ಳಿಗಳಿಗೆ ಮರಳಿದರು. ಕೊಂಕಣದ ಅಥವಾ ಘಟ್ಟದ ಮೇಲಿನ ತುಂಡು ಹೊಲವೇ ಅವರ ಮುಷ್ಕರನಿಧಿಯಾಯಿತು. ಬರದಿಂದ ಊರು ಬಿಟ್ಟು ಬಂದವಳಿಗೆ ಮರಳಿ ಹೋಗಲು ಆ ಹೊಲವೂ ಇಲ್ಲ.

ಆಡಂ ಸ್ಮಿತ್ 1776ರಷ್ಟು ಹಿಂದೆಯೇ ತನ್ನ ಅರ್ಥಶಾಸ್ತ್ರದ ಮಹಾಗ್ರಂಥದಲ್ಲಿ ಇದನ್ನು ಗುರುತಿಸಿದ್ದನು: ವ್ಯಾಜ್ಯ ಬಂದಾಗ ಮಾಲೀಕನು ಕೂಡಿಟ್ಟ ಧನದಿಂದ ಒಂದೆರಡು ವರ್ಷ ತಾಳಬಲ್ಲನು, ಅನೇಕ ಕೆಲಸಗಾರರು ಒಂದು ವಾರವೂ ತಾಳಲಾರರು. ಮುಷ್ಕರವೆಂಬುದು ತಾಳಿಕೆಯ ಪೈಪೋಟಿ. ಆದ್ದರಿಂದ ಯಾರಿಗೆ ಕೂಲಿ ಏರಿಕೆ ಹೆಚ್ಚು ಅಗತ್ಯವೋ ಅವರಿಗೇ ಮುಷ್ಕರದ ಶಕ್ತಿ ಕಡಿಮೆ. ಸರಕಾರದ ನೆರವಿನ ಪ್ರಶ್ನೆ ಏಳುವುದು ಈ ವೈಷಮ್ಯದಿಂದ.

3. ಭಾರತದ ಕಾನೂನು ಏನು ಹೇಳುತ್ತದೆ

ಸಂವಿಧಾನದ 19ನೆಯ ಅನುಚ್ಛೇದ ಸಂಘ ಕಟ್ಟುವ ಹಕ್ಕನ್ನು ಮೂಲಭೂತ ಹಕ್ಕೆಂದು ಮನ್ನಿಸಿದೆ. ಮುಷ್ಕರದ ಹಕ್ಕನ್ನು ಹಾಗೆ ಹೆಸರಿಸಿಲ್ಲ. ಸಂಘದ ಹಕ್ಕಿನೊಳಗೆ ಮುಷ್ಕರದ ಹಕ್ಕೂ ಅಡಕವಾಗಿದೆಯೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯ 1961ರಲ್ಲಿ ಅಖಿಲ ಭಾರತ ಬ್ಯಾಂಕ್ ನೌಕರರ ಸಂಘದ ಪ್ರಕರಣದಲ್ಲಿ ಒಪ್ಪಲಿಲ್ಲ. ಹೀಗಿದ್ದರೂ 1947ರ ಕೈಗಾರಿಕಾ ವಿವಾದ ಕಾಯಿದೆ ಮುಷ್ಕರವನ್ನು ಶಾಸನಬದ್ಧ ಹಕ್ಕಾಗಿ ಗುರುತಿಸಿತ್ತು. ಆ ಕಾಯಿದೆಯ ಸ್ಥಾನಕ್ಕೆ ಬಂದ 2020ರ ಕೈಗಾರಿಕಾ ಸಂಬಂಧ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಎಲ್ಲ ಕೈಗಾರಿಕಾ ಸಂಸ್ಥೆಗಳಲ್ಲಿಯೂ ಮುಷ್ಕರಕ್ಕೆ 14 ದಿನಗಳ ಮುನ್ಸೂಚನೆ ಕಡ್ಡಾಯವಾಯಿತು. ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಕೆಲಸಗಾರರು ಒಟ್ಟಾಗಿ ಸಾಂದರ್ಭಿಕ ರಜೆ ಹಾಕುವುದೂ ಮುಷ್ಕರವೆನಿಸಿತು.

ಮುಷ್ಕರದ ದಿನಗಳ ಕೂಲಿಯ ಬಗ್ಗೆ ನ್ಯಾಯಾಲಯಗಳ ನಿಲುವು ಕ್ರಮೇಣ ರೂಪುಗೊಂಡಿತು. 1978ರ ಕ್ರಾಂಪ್ಟನ್ ಗ್ರೀವ್ಸ್ ಪ್ರಕರಣದಲ್ಲಿ, ಮುಷ್ಕರ ಕಾನೂನುಬದ್ಧವೂ ನ್ಯಾಯಸಮ್ಮತವೂ ಆಗಿದ್ದರೆ ಕೂಲಿ ಸಲ್ಲಬೇಕೆಂಬ ತತ್ತ್ವ ಪ್ರತಿಪಾದಿತವಾಯಿತು. 1990ರ ಕೇಲಾವಾಲಾ ಪ್ರಕರಣದಲ್ಲಿ ‘ಕೆಲಸವಿಲ್ಲವಾದರೆ ಕೂಲಿಯಿಲ್ಲ’ ಎಂಬ ತತ್ತ್ವಕ್ಕೆ ಒತ್ತು ಬಿದ್ದಿತು. ಇವೆರಡರ ನಡುವಿನ ಗೊಂದಲವನ್ನು ಸಂವಿಧಾನ ಪೀಠವೊಂದು 1994ರಲ್ಲಿ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆ. ಉಮೇಶ ನಾಯಕ್ ಪ್ರಕರಣದಲ್ಲಿ ಪರಿಹರಿಸಿತು. ಮುಷ್ಕರ ಕಾನೂನುಬದ್ಧವಾಗಿರಬೇಕು, ಜೊತೆಗೆ ನ್ಯಾಯಸಮ್ಮತವೂ ಆಗಿರಬೇಕು. ಎರಡೂ ಇದ್ದಲ್ಲಿ ಮಾತ್ರ ಕೂಲಿ. ಕೆಲಸಗಾರರ ಸೇವಾ ಪರಿಸ್ಥಿತಿ, ಬೇಡಿಕೆಯ ಸ್ವರೂಪ, ಮಾಲೀಕರ ವರ್ತನೆ ಇವೆಲ್ಲವನ್ನೂ ನೋಡಿ ನ್ಯಾಯಸಮ್ಮತಿಯನ್ನು ನಿರ್ಧರಿಸಬೇಕೆಂಬುದು ಇದರ ತಾತ್ಪರ್ಯ. ನಮ್ಮ ಮೊದಲನೆಯ ಪ್ರಶ್ನೆಗೆ ಹೀಗೆ ಕಾನೂನು ಉತ್ತರ ಕೊಟ್ಟಿದೆ.

ಸಾಮಾಜಿಕ ಭದ್ರತೆಯ ಕಾನೂನು ಇಷ್ಟು ಸೂಕ್ಷ್ಮವಾಗಿ ನಡೆದುಕೊಳ್ಳಲಿಲ್ಲ. 1948ರ ನೌಕರರ ರಾಜ್ಯ ವಿಮಾ ಕಾಯಿದೆಯ 63ನೆಯ ಕಲಮಿನಂತೆ, ಕೆಲಸಗಾರನು ಮುಷ್ಕರದಲ್ಲಿ ಉಳಿದಿರುವ ದಿನಗಳಿಗೆ ಸಾಮಾನ್ಯವಾಗಿ ಅನಾರೋಗ್ಯ ಭತ್ಯೆಯಾಗಲಿ ತಾತ್ಕಾಲಿಕ ಅಂಗವಿಕಲತೆಯ ಭತ್ಯೆಯಾಗಲಿ ಸಲ್ಲುತ್ತಿರಲಿಲ್ಲ. ಕಾನೂನುಬದ್ಧ ಮುಷ್ಕರ, ಕಾನೂನುಬಾಹಿರ ಮುಷ್ಕರ ಎಂಬ ಭೇದವನ್ನು ಈ ಕಲಮು ಮಾಡಲಿಲ್ಲ. ಮೇಲಾಗಿ ಆ ವಿಮೆಯ ಅರ್ಹತೆ ವಂತಿಗೆ ಸಲ್ಲಿಸಿದ ದಿನಗಳ ಲೆಕ್ಕವನ್ನು ಅವಲಂಬಿಸಿತ್ತು. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಿದ್ದರೆ ಮಾತ್ರ ಮುಂದಿನ ಅವಧಿಯಲ್ಲಿ ಅನಾರೋಗ್ಯ ಭತ್ಯೆ. ಕೂಲಿಯಿಂದ ವಂತಿಗೆ ಹುಟ್ಟುವುದರಿಂದ, ದೀರ್ಘ ಮುಷ್ಕರದ ಪೆಟ್ಟು ಮುಷ್ಕರ ಮುಗಿದ ಮೇಲೂ ತಗಲುವ ಸಂಭವವಿತ್ತು.

1947ರ ಕಾಯಿದೆಯ ಲೇ-ಆಫ್ ಪರಿಹಾರದ ವಿಷಯದಲ್ಲಿಯೂ ಇಂಥದೇ ನಿರ್ಬಂಧವಿತ್ತು. ಒಂದು ಸಂಸ್ಥೆಯ ಒಂದು ವಿಭಾಗದಲ್ಲಿ ಮುಷ್ಕರ ನಡೆದು ಇನ್ನೊಂದು ವಿಭಾಗದವರಿಗೆ ಕೆಲಸವಿಲ್ಲದಂತಾದರೆ, ಮುಷ್ಕರ ಹೂಡದ ಆ ಇನ್ನೊಬ್ಬರಿಗೂ ಪರಿಹಾರವಿರಲಿಲ್ಲ. ಕಾನೂನು ಮುಷ್ಕರವನ್ನು ಒಬ್ಬೊಬ್ಬನ ಸ್ವಂತ ಹಟವೆಂದು ಎಣಿಸಿ ಭತ್ಯೆ ನಿಲ್ಲಿಸುತ್ತದೆ. ಹಟ ಹಿಡಿಯದವನ ಪರಿಹಾರವನ್ನು ನಿಲ್ಲಿಸುವಾಗ ಮಾತ್ರ ಎಲ್ಲರನ್ನೂ ಒಂದೇ ‘ಸಂಪ’ದವರೆಂದು ಎಣಿಸುತ್ತದೆ. ಎರಡು ದೃಷ್ಟಿಗಳೂ ಕಾರ್ಮಿಕನಿಗೆ ಪ್ರತಿಕೂಲವಾಗಿಯೇ ಬಳಕೆಯಾದುದನ್ನು ಗಮನಿಸಬೇಕು.

ಮನೆಗೆಲಸದವರ ಸ್ಥಿತಿ ಈ ಚೌಕಟ್ಟಿನ ಹೊರಗಿನದು. ವಿಮಾ ಕಾಯಿದೆ ಕಾರಖಾನೆ ಮತ್ತು ಸಂಸ್ಥೆಗಳಿಗೆ ಸೀಮಿತವಾಗಿತ್ತು, ಮನೆ ಸಂಸ್ಥೆಯಲ್ಲ. 2020ರ ಕೈಗಾರಿಕಾ ಸಂಬಂಧ ಸಂಹಿತೆಯ ‘ಕೈಗಾರಿಕೆ’ಯ ವ್ಯಾಖ್ಯೆಯೂ ಗೃಹಸೇವೆಯನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಹೀಗಾಗಿ ಅವರ ಮುಷ್ಕರಕ್ಕೆ ಆ ಕಾನೂನಿನ ನಿರ್ಬಂಧವೂ ಇಲ್ಲ, ರಕ್ಷಣೆಯೂ ಇಲ್ಲ. ನ್ಯಾಯಸಮ್ಮತಿಯನ್ನು ತೂಗಿ ಕೂಲಿ ಕೊಡಿಸುವ ಕೈಗಾರಿಕಾ ನ್ಯಾಯಮಂಡಳಿಯೂ ಇಲ್ಲ. ಕರ್ನಾಟಕ ಸರಕಾರ 2004ರಲ್ಲಿ ಮನೆಗೆಲಸಕ್ಕೆ ಕನಿಷ್ಠ ಕೂಲಿಯನ್ನು ಗೊತ್ತುಪಡಿಸಿತು. ಮಹಾರಾಷ್ಟ್ರ 2008ರಲ್ಲಿ ಮನೆಗೆಲಸದವರ ಕಲ್ಯಾಣ ಮಂಡಳಿಯ ಕಾಯಿದೆಯನ್ನು ರೂಪಿಸಿತು. ಪುಣೆಯ 1980ರ ಮುಷ್ಕರಕ್ಕೂ ಈ ಕಾಯಿದೆಗೂ ನಡುವೆ 28 ವರ್ಷಗಳ ಅಂತರವಿದೆ.

4. ಹೊರನಾಡುಗಳ ಅನುಭವ

ಈ ಪ್ರಶ್ನೆ ನಮ್ಮಲ್ಲಿ ಹುಟ್ಟಿದ್ದಲ್ಲ. ವೇಲ್ಸಿನ ಕಲ್ಲಿದ್ದಲ ಗಣಿಗಳಲ್ಲಿ 1898ರಲ್ಲಿ ದೀರ್ಘವಾದ ಕೆಲಸನಿಲುಗಡೆ ನಡೆಯಿತು. ಮರ್ಥರ್ ಟಿಡ್‌ವಿಲ್ ಪ್ರದೇಶದ ಬಡವರ ಪಾಲಕಮಂಡಳಿ ಹಸಿದ ಗಣಿಗಾರರ ಕುಟುಂಬಗಳಿಗೆ ನೆರವು ನೀಡಿತು. ಅದರ ಮೇಲೆ ಹೂಡಿದ ವ್ಯಾಜ್ಯದಲ್ಲಿ 1900ರಲ್ಲಿ ಬಂದ ತೀರ್ಪು ಹೀಗಿದೆ: ದುಡಿಯಬಲ್ಲ, ಕೆಲಸ ದೊರೆಯುವ ಗಂಡಸಿಗೆ ನೆರವು ಕೊಡುವುದು ಕಾನೂನಿಗೆ ವಿರುದ್ಧ, ಅವನ ಹೆಂಡತಿ ಮಕ್ಕಳಿಗೆ ಕೊಡಬಹುದು. ಮುಷ್ಕರ ಹೂಡಿದವನು ಬೇರೆ, ಅದರ ಹಸಿವನ್ನು ಉಣ್ಣುವವರು ಬೇರೆ ಎಂಬ ವಿವೇಕ ಈ ತೀರ್ಪಿನಲ್ಲಿದೆ. 1911ರಲ್ಲಿ ಬ್ರಿಟನ್ ನಿರುದ್ಯೋಗ ವಿಮೆಯನ್ನು ಆರಂಭಿಸಿದಾಗ ಕೈಗಾರಿಕಾ ವಿವಾದದಿಂದ ಕೆಲಸ ಕಳೆದುಕೊಂಡವರನ್ನು ಹೊರಗಿಟ್ಟಿತು. 1980ರ ಶಾಸನವೊಂದು ಇನ್ನೂ ಮುಂದೆ ಹೋಗಿ, ಮುಷ್ಕರನಿರತನಿಗೆ ಸಂಘದಿಂದ ವಾರಕ್ಕೆ 12 ಪೌಂಡ್ ಬರುತ್ತಿದೆಯೆಂದು, ಬರಲಿ ಬಾರದಿರಲಿ, ಭಾವಿಸಿ ಕುಟುಂಬದ ನೆರವಿನಿಂದ ಕಳೆಯುವ ನಿಯಮ ಮಾಡಿತು. 2013ರಲ್ಲಿ ಜಾರಿಗೆ ಬಂದ ಏಕೀಕೃತ ನೆರವಿನ ಪದ್ಧತಿಯಲ್ಲಿ, ಮುಷ್ಕರದಿಂದ ಆದಾಯ ಕುಸಿದರೂ ಅದು ಮೊದಲಿನಷ್ಟೇ ಇದೆಯೆಂದು ಎಣಿಸಲಾಗುತ್ತದೆ.

ಅಮೆರಿಕದಲ್ಲಿ 1981ರ ತಿದ್ದುಪಡಿಯೊಂದು, ಕುಟುಂಬದ ಒಬ್ಬರು ಮುಷ್ಕರದಲ್ಲಿರುವಾಗ ಆ ಕಾರಣದಿಂದ ಇಡೀ ಕುಟುಂಬಕ್ಕೆ ಆಹಾರದ ಚೀಟಿ ಹೊಸದಾಗಿ ದೊರೆಯದಂತೆ ಮಾಡಿತು. ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1988ರಲ್ಲಿ ಐದಕ್ಕೆ ಮೂರು ಮತಗಳಿಂದ ಅದನ್ನು ಎತ್ತಿಹಿಡಿಯಿತು. ಆದರೆ ಅದೇ ನ್ಯಾಯಾಲಯ 1979ರಲ್ಲಿ, ಮುಷ್ಕರನಿರತರಿಗೆ ಕೆಲವು ವಾರಗಳ ಕಾಯುವಿಕೆಯ ಅನಂತರ ನಿರುದ್ಯೋಗ ಭತ್ಯೆ ಕೊಡುವ ನ್ಯೂಯಾರ್ಕ್ ರಾಜ್ಯದ ಪದ್ಧತಿಯನ್ನು ಮಾನ್ಯ ಮಾಡಿತ್ತು. 2018ರಲ್ಲಿ ನ್ಯೂಜರ್ಸಿ, 2025ರಲ್ಲಿ ವಾಷಿಂಗ್ಟನ್ ಮತ್ತು ಆರೆಗಾನ್ ರಾಜ್ಯಗಳು ಇಂಥ ಶಾಸನಗಳನ್ನು ಮಾಡಿವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1952ರ ಸಾಮಾಜಿಕ ಭದ್ರತೆಯ ಒಡಂಬಡಿಕೆ, ಕೈಗಾರಿಕಾ ವಿವಾದದ ನೇರ ಪರಿಣಾಮವಾಗಿ ಕೆಲಸ ನಿಂತಾಗ ನಿರುದ್ಯೋಗ ಭತ್ಯೆಯನ್ನು ತಡೆಹಿಡಿಯಲು ಅವಕಾಶ ನೀಡುತ್ತದೆ, ತಡೆಹಿಡಿಯಲೇಬೇಕೆಂದು ವಿಧಿಸುವುದಿಲ್ಲ. ಒಟ್ಟಿನಲ್ಲಿ, ಮುಷ್ಕರನಿರತನಿಗೆ ನೆರವು ಕೊಡದಿರುವುದು ಲೋಕದ ಬಹುಮಟ್ಟಿನ ರೂಢಿಯೇ ಹೊರತು ಅನಿವಾರ್ಯ ತತ್ತ್ವವಲ್ಲ.

5. ನೆರವು ಬೇಡವೆನ್ನುವ ವಾದ

ನೆರವನ್ನು ವಿರೋಧಿಸುವವರ ವಾದದಲ್ಲಿ ಮೂರು ಎಳೆಗಳಿವೆ. ಅವುಗಳನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಮೊದಲನೆಯದು ಸರಕಾರದ ತಟಸ್ಥತೆ. ಮಾಲೀಕ ಮತ್ತು ಕೆಲಸಗಾರರ ವ್ಯಾಜ್ಯದಲ್ಲಿ ಒಂದು ಪಕ್ಷಕ್ಕೆ ಬೊಕ್ಕಸದಿಂದ ಅನ್ನ ಹಾಕಿದರೆ ಸರಕಾರ ಆ ಪಕ್ಷವನ್ನು ವಹಿಸಿದಂತಾಗುತ್ತದೆ. ಎರಡನೆಯದು ವಿಮೆಯ ತರ್ಕ. ತನ್ನ ಕೈಮೀರಿ ಬರುವ ಆಪತ್ತಿಗೆ ವಿಮೆಯಿದೆ. ತಾನೇ ಆರಿಸಿಕೊಂಡ ನಷ್ಟಕ್ಕೆ ಇತರರ ವಂತಿಗೆಯಿಂದ ಪರಿಹಾರ ಸಲ್ಲದು. ಮೂರನೆಯದು, ನೆರವು ದೊರೆತರೆ ಸಂಧಾನಕ್ಕೆ ಆತುರವಿರದೆ ಮುಷ್ಕರಗಳು ಬೆಳೆಯುತ್ತವೆಂಬ ಆತಂಕ.

ಇವುಗಳ ಜೊತೆಗೆ ನಮ್ಮ ದೇಶದ್ದೇ ಆದ ಒಂದು ನೈತಿಕ ವಾದವೂ ಇದೆ. 1918ರ ಅಹಮದಾಬಾದಿನ ಗಿರಣಿ ಮುಷ್ಕರದಲ್ಲಿ ಗಾಂಧೀಜಿ ಕಾರ್ಮಿಕರ ಮುಂದಿಟ್ಟ ನಿಯಮಗಳಲ್ಲಿ, ಭಿಕ್ಷೆಯನ್ನು ನೆಚ್ಚಬಾರದು, ಮುಷ್ಕರದ ಅವಧಿಯಲ್ಲಿ ಬೇರೆ ಪ್ರಾಮಾಣಿಕ ದುಡಿಮೆಯಿಂದ ಅನ್ನ ಸಂಪಾದಿಸಬೇಕು ಎಂಬುದು ಸೇರಿತ್ತು. ಸಾಬರಮತಿಯ ಆಶ್ರಮದಲ್ಲಿ ಕಟ್ಟಲಾಗುತ್ತಿದ್ದ ನೇಯ್ಗೆಶಾಲೆಯ ತಳಪಾಯಕ್ಕೆ ಮರಳು ಹೊರುವ ಕೆಲಸವನ್ನು ಅವರಿಗೆ ಒದಗಿಸಲಾಯಿತು. ಅಂದು ಹೊರಗಿನ ಹಣದಿಂದ ನಡೆಯುವ ಮುಷ್ಕರ ಕಾರ್ಮಿಕನ ಸ್ವಂತ ಬಲವನ್ನು ಬೆಳೆಸದೆಂಬುದು ಇದರ ಹಿಂದಿನ ನಿಲುವು. ಕಾಯಕವನ್ನು ಕೈಲಾಸವೆಂದು ಭಾವಿಸಿದ, ಬೇಡುವುದನ್ನು ಹೀನವೆಂದು ಕಂಡ ಶರಣರ ಪರಂಪರೆಯನ್ನು ಬಲ್ಲ ಕನ್ನಡ ಓದುಗನಿಗೆ ಈ ನಿಲುವು ಹತ್ತಿರದ್ದೇ.

ಪುಣೆಯಲ್ಲಿಯೇ ಇದಕ್ಕೊಂದು ಉದಾಹರಣೆಯುಂಟು. ಬಾಬಾ ಆಢಾವ ಅವರ ನೇತೃತ್ವದಲ್ಲಿ ಬೆಳೆದ ಹಮಾಲ ಪಂಚಾಯತ, ಬೆನ್ನ ಮೇಲೆ ಮೂಟೆ ಹೊರುವವರ ಸಂಘವಾಗಿ ನಿಂತು, 1974ರಲ್ಲಿ ‘ಕಷ್ಟಾಚೀ ಭಾಕರ’ ಎಂಬ ಅಗ್ಗದ ಊಟದ ವ್ಯವಸ್ಥೆಯನ್ನು ಆರಂಭಿಸಿತು. ಹೆಸರಿನ ಅರ್ಥ ‘ದುಡಿಮೆಯ ರೊಟ್ಟಿ’. ದುಡಿಯುವವರು ತಮ್ಮ ಅನ್ನದ ವ್ಯವಸ್ಥೆಯನ್ನು ತಾವೇ ಕಟ್ಟಿಕೊಂಡಾಗ ಬರುವ ಧೈರ್ಯ ಸರಕಾರದ ಭತ್ಯೆಯಿಂದ ಬಾರದೆಂಬ ಮಾತಿನಲ್ಲಿ ಹುರುಳಿದೆ.

6. ವಾದದ ಮಿತಿಗಳು

ಆದರೂ ಈ ವಾದಗಳು ಎಲ್ಲಿಯವರೆಗೆ ಸಲ್ಲುತ್ತವೆಂಬುದನ್ನು ನೋಡಬೇಕು. ಗಾಂಧೀಜಿ ಹೇಳಿದ ಬದಲಿ ದುಡಿಮೆಯನ್ನು ಒದಗಿಸಲು ಅಂದು ಒಂದು ಆಶ್ರಮವಿತ್ತು. ಆ ಮುಷ್ಕರ ಮೂರು ವಾರಗಳಲ್ಲಿ ಮುಗಿಯಿತು. ಅಷ್ಟರೊಳಗೇ ಹಸಿವಿನಿಂದ ಕಾರ್ಮಿಕರ ಧೈರ್ಯ ಕುಂದತೊಡಗಿತ್ತೆಂಬುದನ್ನೂ, ಅದೇ ತಮ್ಮ ಉಪವಾಸಕ್ಕೆ ನಿಮಿತ್ತವಾಯಿತೆಂಬುದನ್ನೂ ಗಾಂಧೀಜಿಯವರ ಆತ್ಮಕಥೆಯೇ ಹೇಳುತ್ತದೆ. ಹಮಾಲರ ಸ್ವಾವಲಂಬನೆಗೆ ಕೂಡ ಶಾಸನದ ಬೆನ್ನೆಲುಬಿದೆ. 1969ರ ಮಹಾರಾಷ್ಟ್ರದ ಮಾಥಾಡಿ ಕಾಯಿದೆ (ತಲೆಯ ಮೇಲೆ ಹೊರೆ ಹೊರುವವನು ಮಾಥಾಡಿ) ಕೂಲಿಯೊಡನೆ ಒಂದು ಹೆಚ್ಚುವರಿ ಲೆವಿಯನ್ನು ಮಾಲೀಕರಿಂದ ವಸೂಲಿ ಮಾಡಿ ಭವಿಷ್ಯನಿಧಿ, ಉಪದಾನ, ರಜೆ ಮೊದಲಾದವನ್ನು ತ್ರಿಪಕ್ಷೀಯ ಮಂಡಳಿಯ ಮೂಲಕ ಹಮಾಲರಿಗೆ ತಲುಪಿಸುವ ಏರ್ಪಾಡು. ಇಲ್ಲಿ ಸೌಲಭ್ಯ ಒಬ್ಬ ಮಾಲೀಕನ ಕೈಯಲ್ಲಿಲ್ಲ. ಕೆಲಸ ನಿಂತ ದಿನ ಲೆವಿಯೂ ನಿಲ್ಲುತ್ತದೆ, ನಿಜ. ಆದರೆ ಅದುವರೆಗೆ ಕೂಡಿದ್ದು ಮಂಡಳಿಯಲ್ಲಿ ಭದ್ರವಾಗಿರುತ್ತದೆ, ಒಬ್ಬ ಅಡತಿಯವನ ಕೋಪಕ್ಕೆ ಅದು ಸಿಗುವುದಿಲ್ಲ.

ತಟಸ್ಥತೆಯ ವಾದವನ್ನು ಇನ್ನಷ್ಟು ಬಿಡಿಸಿ ನೋಡೋಣ. ಮುಷ್ಕರದ ಕಾರಣದಿಂದ ಹೊಸ ಭತ್ಯೆಯೊಂದನ್ನು ಕೊಡುವುದು ಪಕ್ಷಪಾತವೆಂದಾದರೆ, ಮುಷ್ಕರದ ಕಾರಣದಿಂದ ಹಳೆಯ ಸೌಲಭ್ಯವೊಂದನ್ನು ಕಸಿಯುವುದೂ ಪಕ್ಷಪಾತವೇ. ತಟಸ್ಥನೆಂದರೆ ಮುಷ್ಕರವೇ ಇಲ್ಲದಿದ್ದರೆ ಹೇಗೆ ನಡೆದುಕೊಳ್ಳುತ್ತಿದ್ದನೋ ಹಾಗೆ ನಡೆದುಕೊಳ್ಳುವವನು. ಈ ಅಳತೆಗೋಲಿನಿಂದ ನೋಡಿದರೆ, ಆದಾಯ ಮೊದಲಿನಷ್ಟೇ ಇದೆಯೆಂದು ಎಣಿಸುವ ಬ್ರಿಟನ್ನಿನ ಪದ್ಧತಿಗೆ ಒಂದು ತರ್ಕವಿದೆಯೆಂದು ಒಪ್ಪಬೇಕು. ಆದರೆ ಬಾರದ 12 ಪೌಂಡನ್ನು ಬಂದಿತೆಂದು ಕಳೆಯುವ ಹಳೆಯ ನಿಯಮಕ್ಕೆ ತರ್ಕವಿಲ್ಲ.

ಭಾರತದ ಸ್ಥಿತಿ ಇಲ್ಲಿ ಸ್ವಾರಸ್ಯಕರವಾಗಿ ಬೇರೆಯಾಗಿದೆ. 2013ರ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ ಧಾನ್ಯ ಸಲ್ಲುತ್ತದೆ. 2023ರ ಜನವರಿಯಿಂದ ಅದು ಉಚಿತವಾಯಿತು. ಐದು ಮಂದಿಯ ಮನೆಗೆ 25 ಕಿಲೋ. ಕರ್ನಾಟಕ 2023ರಲ್ಲಿ ಆರಂಭಿಸಿದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ಮಹಾರಾಷ್ಟ್ರ 2024ರಲ್ಲಿ ಆರಂಭಿಸಿದ ಲಾಡಕೀ ಬಹೀಣ ಯೋಜನೆಯಲ್ಲಿ 1,500 ರೂಪಾಯಿ ನಿಗದಿಯಾದವು. ಈ ಸೌಲಭ್ಯಗಳು ತಿಂಗಳ ಕೂಲಿಯ ಏರಿಳಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮನೆಗೆಲಸದವಳು ಈ ತಿಂಗಳು ದುಡಿದಳೋ ಸಂಪು ಹೂಡಿದಳೋ ಎಂದು ಪಡಿತರದಂಗಡಿಯವನು ಕೇಳುವುದಿಲ್ಲ. ಬಡತನವನ್ನು ಸ್ಥೂಲವಾಗಿ ಅಳೆಯುವ ನಮ್ಮ ಪಡಿತರ ಚೀಟಿಯ ದೋಷಗಳು ಹಲವಿದ್ದರೂ, ಈ ಒಂದು ವಿಷಯದಲ್ಲಿ ಅದರ ಸ್ಥೂಲತೆಯೇ ಗುಣವಾಗಿದೆ. 1980ರಲ್ಲಿ ಪುಣೆಯ ಹೆಂಗಸರಿಗಿಲ್ಲದ ಒಂದು ಆಸರೆ ಯಾರೂ ಉದ್ದೇಶಿಸದೆಯೇ ಇಂದಿನವರಿಗೆ ಒದಗಿದೆ.

ಆದರೆ ಈ ಆಸರೆಯಲ್ಲಿ ವಲಸೆ ಬಂದ ಕನ್ನಡತಿಗೆ ಒಂದು ಬಿರುಕಿದೆ. ಅವಳ ಪಡಿತರ ಚೀಟಿ ಕಲಬುರಗಿಯಲ್ಲೋ ವಿಜಯಪುರದಲ್ಲೋ ಇದ್ದು, ದುಡಿಮೆ ಪುಣೆಯಲ್ಲಿದ್ದರೆ, ಧಾನ್ಯವನ್ನು ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಿಂದ ಪುಣೆಯಲ್ಲಿ ಪಡೆಯಬಹುದು. ಹಣದ ಯೋಜನೆಗಳು ಮಾತ್ರ ರಾಜ್ಯದ ಗಡಿಯೊಳಗಿನ ದಾಖಲೆಗಳನ್ನೇ ಕೇಳುತ್ತವೆ. ಎರಡು ರಾಜ್ಯಗಳ ನಡುವೆ ಇರುವವಳು ಎರಡನ್ನೂ ಕಳೆದುಕೊಳ್ಳುವ ಸಂಭವವುಂಟು.

ಇನ್ನು ಸರಕಾರವೇ ಮಾಲೀಕನಾಗಿರುವಲ್ಲಿ ತಟಸ್ಥತೆಯ ಮಾತೇ ನಿಲ್ಲುವುದಿಲ್ಲ. ಅಂಗನವಾಡಿ ಕಾರ್ಯಕರ್ತೆಯರು ಪಡೆಯುವುದು ‘ಸಂಬಳ’ವಲ್ಲ, ‘ಗೌರವಧನ’. ಅವರು ನೌಕರರಲ್ಲವೆಂಬುದು ಸರಕಾರಗಳ ಬಹುಕಾಲದ ನಿಲುವು. ಹೀಗಿದ್ದೂ 2018ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಸರಕಾರ ಅವರನ್ನು ಅಗತ್ಯ ಸೇವೆಗಳ ಕಾಯಿದೆಯ ವ್ಯಾಪ್ತಿಗೆ ತಂದಿತು. ಪ್ರತಿಭಟನೆಯ ತರುವಾಯ ಆ ಆಜ್ಞೆಗೆ ತಡೆ ಬಿದ್ದಿತು. ಸಂಬಳ ಕೇಳಿದಾಗ ಸ್ವಯಂಸೇವಕಿ, ಕೆಲಸ ನಿಲ್ಲಿಸಿದಾಗ ಅಗತ್ಯ ಸೇವೆಯವಳು ಎಂಬ ಈ ವೈರುಧ್ಯ ಯಾವ ತರ್ಕಕ್ಕೂ ನಿಲ್ಲದು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಇವರಿಗೆ ಉಪದಾನ ಸಲ್ಲಬೇಕೆಂದು ತೀರ್ಪಿತ್ತಿತು. 2023ರ ಡಿಸೆಂಬರ್ 4ರಿಂದ ಮಹಾರಾಷ್ಟ್ರದಲ್ಲಿ ಅವರು ಹೂಡಿದ ಮುಷ್ಕರ ಏಳು ವಾರಗಳನ್ನು ಮೀರಿ ನಡೆಯಿತು. ಬೆಂಗಳೂರಿನಲ್ಲಿ 2017ರ ಮಾರ್ಚ್‌ನಲ್ಲಿ ಅಂಗನವಾಡಿಯವರೂ 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರೂ ಬೀದಿಗಿಳಿದುದು ಇದೇ ಬಗೆಯ ಬೇಡಿಕೆಗಳಿಗಾಗಿ. ಇಂಥ ಮುಷ್ಕರಗಳಲ್ಲಿ ಅಂಗನವಾಡಿಯ ಊಟವನ್ನು ನೆಚ್ಚಿದ ಮಕ್ಕಳೂ ನಷ್ಟಕ್ಕೆ ಒಳಗಾಗುತ್ತಾರೆಂಬುದನ್ನು ಮರೆಯಲಾಗದು. ಸರಕಾರದ ಸೌಲಭ್ಯವನ್ನು ಬಡಮಕ್ಕಳಿಗೆ ತಲುಪಿಸುವ ಕೈಗಳೇ ಅಲ್ಪವೇತನದ ಕೈಗಳಾಗಿರುವಾಗ, ಆ ನಷ್ಟದ ಹೊಣೆಯನ್ನು ಮುಷ್ಕರ ಹೂಡಿದವರ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ.

7. ಸಮಾರೋಪ

ಸಂವಿಧಾನದ 41ನೆಯ ಅನುಚ್ಛೇದ ನಿರುದ್ಯೋಗ, ಮುಪ್ಪು, ಅನಾರೋಗ್ಯ, ಅಂಗವಿಕಲತೆಗಳ ಜೊತೆಗೆ, ತಮ್ಮ ತಪ್ಪಿಲ್ಲದೆ ಒದಗಿದ ಕೊರತೆಯ ಇತರ ಸಂದರ್ಭಗಳಲ್ಲಿಯೂ ಸಾರ್ವಜನಿಕ ನೆರವು ದೊರೆಯಬೇಕೆಂದು ನಿರ್ದೇಶಿಸುತ್ತದೆ. ಮುಷ್ಕರನಿರತನ ಕೊರತೆ ಅವನ ತಪ್ಪಿನಿಂದ ಬಂದದ್ದೆ? ಹಟವೆಂಬ ಅರ್ಥವನ್ನು ಹಿಡಿದರೆ ಹೌದು. ಒಮ್ಮತವೆಂಬ ಅರ್ಥವನ್ನು ಹಿಡಿದರೆ ಅಲ್ಲ. 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಕೈಗಾರಿಕಾ ವಿವಾದ ವಿಧೇಯಕವನ್ನು ವಿರೋಧಿಸಿ ಮಾತಾಡಿದ ಡಾ. ಅಂಬೇಡ್ಕರ್ ಅವರು, ಮುಷ್ಕರದ ಹಕ್ಕು ಸ್ವಾತಂತ್ರ್ಯದ ಹಕ್ಕಿಗೇ ಇನ್ನೊಂದು ಹೆಸರೆಂದೂ, ಇಚ್ಛೆಗೆ ವಿರುದ್ಧವಾಗಿ ದುಡಿಸುವುದು ದಾಸ್ಯವೆಂದೂ ಪ್ರತಿಪಾದಿಸಿದ್ದರು. ಬಿಟ್ಟರೆ ಹಸಿವು, ದುಡಿದರೆ ಅರೆಹಸಿವು ಎಂಬ ಸ್ಥಿತಿಯಲ್ಲಿರುವವಳಿಗೆ ‘ಸ್ವಂತ ಆಯ್ಕೆ’ ಎಂಬ ಮಾತು ಎಷ್ಟರಮಟ್ಟಿಗೆ ಹೊಂದುತ್ತದೆಂಬುದು ವಿಚಾರಾರ್ಹ.

ಆರಂಭದಲ್ಲಿ ಬೇರ್ಪಡಿಸಿದ ಮೂರು ಪ್ರಶ್ನೆಗಳಿಗೆ ಹೀಗೆ ಉತ್ತರಿಸಬಹುದು. ಮುಷ್ಕರದ ದಿನಗಳ ಕೂಲಿಯ ವಿಷಯದಲ್ಲಿ 1994ರ ತೀರ್ಪಿನ ತೂಕ ಸರಿಯಾದದ್ದು; ಕೊರತೆಯೆಂದರೆ, ಆ ತಕ್ಕಡಿ ಮನೆಗೆಲಸದವರಂಥ ಅಸಂಘಟಿತರಿಗೆ ನಿಲುಕದಿರುವುದು. ಅದನ್ನು ನಿಲುಕಿಸುವ ವೇದಿಕೆಯೊಂದು ಬೇಕು. ಕೂಲಿಗೆ ಬದಲಾಗಿ ಬೊಕ್ಕಸದಿಂದ ನೇರ ಭತ್ಯೆ ಕೊಡುವುದಕ್ಕಿಂತ, ಮಾಥಾಡಿ ಮಂಡಳಿಯ ಮಾದರಿಯಲ್ಲಿ ಮಾಲೀಕರ ಲೆವಿ ಮತ್ತು ಕೆಲಸಗಾರರ ವಂತಿಗೆಯಿಂದ ಕೂಡಿದ, ಸಂಕಟಕಾಲದಲ್ಲಿ ಸಾಲವಾಗಿಯೋ ನೆರವಾಗಿಯೋ ದೊರೆಯಬಲ್ಲ ನಿಧಿಯನ್ನು ಶಾಸನದ ಮೂಲಕ ಬೆಳೆಸುವುದು ಮೇಲು. ಸ್ವಾವಲಂಬನೆಯ ವಾದಕ್ಕೂ ತಾಳಿಕೆಯ ವೈಷಮ್ಯಕ್ಕೂ ಅದು ಏಕಕಾಲದಲ್ಲಿ ಉತ್ತರವಾಗುತ್ತದೆ. ಮೂರನೆಯ ಪ್ರಶ್ನೆಯಲ್ಲಿ ಮಾತ್ರ ರಾಜಿಗೆ ಎಡೆಯಿಲ್ಲ. ಪಡಿತರ, ಮಕ್ಕಳ ಊಟ, ಚಿಕಿತ್ಸೆ, ಹೆರಿಗೆಯ ಸೌಲಭ್ಯ ಇವು ಪ್ರಜೆಯೆಂಬ ಕಾರಣಕ್ಕೆ ಸಲ್ಲುವಂಥವು. ಮುಷ್ಕರ ಅವುಗಳನ್ನು ಮುಟ್ಟಬಾರದು. ಮುಷ್ಕರದ ಅವಧಿಯಲ್ಲಿ ಹಾಸಿಗೆ ಹಿಡಿದವನ ಭತ್ಯೆಯನ್ನು ಮುಷ್ಕರದ ಹೆಸರಿನಲ್ಲಿ ನಿಲ್ಲಿಸುವ, ಮುಷ್ಕರ ಹೂಡದವನ ಪರಿಹಾರವನ್ನು ಪಕ್ಕದವನ ಕಾರಣಕ್ಕೆ ತಡೆಯುವ ಹಳೆಯ ಕಾಯಿದೆಗಳ ಮಾದರಿ ಹೊಸ ಸಂಹಿತೆಗಳ ಕೆಳಗೆ ಬರುವ ನಿಯಮಗಳಲ್ಲಿ ಮುಂದುವರಿಯಬಾರದು.

ಪುಣೆಯಲ್ಲಿ ಮನೆಗೆಲಸದವರ ಸಂಘಟನೆಗಳು ಕೆಲಸವಾರು ದರಪಟ್ಟಿ, ವಾರದ ರಜೆ, ದೀಪಾವಳಿಯ ಬೋನಸ್ಸು ಎಂದು ಕೇಳುವ ಪರಿಪಾಠ 1980ರ ಆ ಹೆಂಗಸರು ಸರಕಾರದ ಯಾವ ನೆರವೂ ಇಲ್ಲದೆ ತಾಳಿದ ದಿನಗಳ ಫಲ. ಅವರು ತಾಳಿದರೆಂಬುದು ಮುಂದಿನವರನ್ನೂ ಹಾಗೆಯೇ ತಾಳಲು ಬಿಡುವುದಕ್ಕೆ ಸಮರ್ಥನೆಯಾಗಲಾರದು.